ವರ್ತುಲ ರೈಲು: ತೆರವಾಗುವ ಹಳಿ ಯಾರಿಗೆ?

ಬೆಂಗಳೂರಿನ ಮೆಜೆಸ್ಟಿಕ್ ಸಮೀಪದಲ್ಲಿ ಗೂಡ್ಸ್ ಶೆಡ್ ರಸ್ತೆ ಎಂಬ ರಸ್ತೆಯೊಂದಿದೆ. ಫಲಕದಲ್ಲಿ ಬೇರೆ ಹೆಸರಿದ್ದರೂ ಹಳೆಯ ಬೆಂಗಳೂರಿಗರ ಬಾಯಲ್ಲಿ ಉಳಿದಿರುವುದು ಈ ಹೆಸರೇ. ಊರಿಗೆ ಬೇಕಾದ ಸರಕು ರೈಲಿನಿಂದಿಳಿದು ಪೇಟೆಯ ಕಡೆಗೆ ಸಾಗುತ್ತಿದ್ದ ಕಾಲದ ಗುರುತು ಅದು. ನಗರದ ನಡುವೆ ಸರಕಿನ ರೈಲು ನಿಲ್ಲುವುದು ಅನನುಕೂಲವೆನಿಸಿದ ಮೇಲೆ ವಹಿವಾಟು ವೈಟ್‌ಫೀಲ್ಡ್ ಕಡೆಗೆ ಸರಿಯಿತು. ಅಲ್ಲಿ ಗೂಡ್ಸ್ ಟರ್ಮಿನಲ್ ಬಂತು, ಕಂಟೇನರ್ ಡಿಪೊ ಬಂತು. ವೈಟ್‌ಫೀಲ್ಡ್ ಎಂದರೆ ಊರಾಚೆಯ ಜಾಗವೆಂದೇ ಆಗ ಎಲ್ಲರ ಭಾವನೆ. ಇಂದು ಆ ಡಿಪೊದ ಸುತ್ತ ಸಾಫ್ಟ್‌ವೇರ್ ಕಚೇರಿಗಳೂ ವಸತಿ ಸಮುಚ್ಚಯಗಳೂ ಎದ್ದಿವೆ. ಕಂಟೇನರ್ ಹೊತ್ತ ಲಾರಿಗಳು ಶಾಲಾ ವಾಹನಗಳ ಹಿಂದೆ ಸಾಲುಗಟ್ಟಿ ನಿಲ್ಲುತ್ತವೆ.

ಸರಕನ್ನು ಇನ್ನೊಮ್ಮೆ ಹೊರಗೆ ಸರಿಸುವ ಮಾತು ಈಗ ಬಂದಿದೆ. ಬೆಂಗಳೂರಿನ ಸುತ್ತ 287 ಕಿ.ಮೀ. ಉದ್ದದ ವರ್ತುಲ ರೈಲು ಮಾರ್ಗದ ಪ್ರಸ್ತಾವವನ್ನು ರೈಲ್ವೆ 2024ರಲ್ಲಿ ಪ್ರಕಟಿಸಿತು. ನಿಡವಂದ, ದೊಡ್ಡಬಳ್ಳಾಪುರ, ದೇವನಹಳ್ಳಿ, ಮಾಲೂರು, ಹೀಲಲಿಗೆ, ಹೆಜ್ಜಾಲ, ಸೋಲೂರುಗಳನ್ನು ಪೋಣಿಸುವ ಈ ಮಾರ್ಗಕ್ಕೆ ಆಗ ಹೇಳಿದ ಅಂದಾಜು ವೆಚ್ಚ ಸುಮಾರು 23,000 ಕೋಟಿ ರೂಪಾಯಿ. ನಗರದೊಳಗಿನ ಹಳಿಗಳ ಮೇಲಿನ ಒತ್ತಡ ತಗ್ಗಿ ದೈನಂದಿನ ಪ್ರಯಾಣಿಕರ ರೈಲುಗಳಿಗೆ ಜಾಗ ದೊರೆಯುವುದಾದರೆ ಇದನ್ನು ಸ್ವಾಗತಿಸಬೇಕು. ಆದರೆ ಹೊಸ ಹಳಿ ಹಾಕಿದ ಮಾತ್ರಕ್ಕೆ ಹಳೆಯ ಹಳಿ ಪ್ರಯಾಣಿಕನ ಪಾಲಾಗುತ್ತದೆ ಎಂಬ ಎಣಿಕೆಯಲ್ಲಿ ನನಗೆ ನಂಬಿಕೆಯಿಲ್ಲ.

ಯಾರ ಪಾಲಿಗಾಗಿ ಈ ಮಾತು ಎಂಬುದನ್ನು ಮೊದಲು ಹೇಳಬೇಕು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಂದಿನಿಂದ ಕೆ.ಜಿ.ಎಫ್.ನ ಸಾವಿರಾರು ಮಂದಿ ನಸುಕಿನಲ್ಲೇ ಎದ್ದು ಮಾರಿಕುಪ್ಪಂ, ಬಂಗಾರಪೇಟೆಗಳಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬರುತ್ತಾರೆ. ರಾತ್ರಿ ಅದೇ ದಾರಿಯಲ್ಲಿ ಮರಳುತ್ತಾರೆ. ಒಂದು ದಿಕ್ಕಿಗೆ ಹತ್ತಿರ ಹತ್ತಿರ ನೂರು ಕಿಲೋಮೀಟರ್. ವೈಟ್‌ಫೀಲ್ಡಿನ ಡಿಪೊಗೆ ಬರುವ ಸರಕಿನ ರೈಲು, ಚೆನ್ನೈ ಕಡೆಯ ಎಕ್ಸ್‌ಪ್ರೆಸ್ಸುಗಳು, ಇವರ ರೈಲು, ಎಲ್ಲವೂ 1864ರಲ್ಲಿ ಜೋಲಾರಪೇಟೆಯಿಂದ ದಂಡು ಪ್ರದೇಶಕ್ಕೆ ಬಂದ ಆ ಮಾರ್ಗದಲ್ಲೇ ಓಡಬೇಕು. 2020ರಲ್ಲಿ ಕೇಂದ್ರ ಸಂಪುಟ ಒಪ್ಪಿದ 15,767 ಕೋಟಿ ರೂಪಾಯಿಯ ಉಪನಗರ ರೈಲು ಯೋಜನೆಯಲ್ಲಿ ಈ ದಿಕ್ಕಿನ ಕೊನೆಯ ನಿಲ್ದಾಣ ವೈಟ್‌ಫೀಲ್ಡ್. ಮಾಲೂರು, ಬಂಗಾರಪೇಟೆಗಳು ಅದರಲ್ಲಿಲ್ಲ. ಆ ಯೋಜನೆಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದಾಗ 40 ತಿಂಗಳ ಗಡುವು ಹೇಳಲಾಗಿತ್ತು. 2025ರ ಅಕ್ಟೋಬರ್‌ನಲ್ಲಿ ಆ ಗಡುವು ಮುಗಿದಾಗ ಒಂದು ರೈಲೂ ಓಡಿರಲಿಲ್ಲ. ಹೀಗಿರುವಾಗ ಇರುವ ಹಳಿಯಲ್ಲೇ ಹೆಚ್ಚು ರೈಲು ಓಡಿಸುವ ಅವಕಾಶ ಈ ಜನರ ಮಟ್ಟಿಗೆ ಸಣ್ಣ ಸಂಗತಿಯಲ್ಲ.

ಸರಕು ಮತ್ತು ಪ್ರಯಾಣಿಕ ಒಂದೇ ಹಳಿಯಲ್ಲಿ ಹೊಂದಿಕೊಳ್ಳಲಾರದೇಕೆ? ಐವತ್ತೆಂಟು ವ್ಯಾಗನ್ನುಗಳ ಗೂಡ್ಸ್ ಗಾಡಿ ತುಂಬಿದಾಗ ಸುಮಾರು 5,000 ಟನ್ ತೂಗುತ್ತದೆ. ಒಮ್ಮೆ ನಿಂತರೆ ಮತ್ತೆ ವೇಗ ಪಡೆಯಲು ಅದಕ್ಕೆ ಹೊತ್ತು ಹಿಡಿಯುತ್ತದೆ. ಉಪನಗರ ರೈಲಿನ ಗುಣ ಇದಕ್ಕೆ ವಿರುದ್ಧ. ನಾಲ್ಕಾರು ನಿಮಿಷಕ್ಕೊಮ್ಮೆ ನಿಲ್ಲುವುದು, ಹೊರಡುವುದೇ ಅದರ ಕಸುಬು. ಎಲ್ಲ ರೈಲುಗಳೂ ಒಂದೇ ನಡಿಗೆಯವಾದರೆ ಒಂದು ಹಳಿ ಗಂಟೆಗೆ ಎಷ್ಟೋ ರೈಲುಗಳನ್ನು ತಾಳುತ್ತದೆ. ನಡಿಗೆ ಬೇರೆ ಬೇರೆಯಾದಾಗ ಪ್ರತಿಯೊಂದರ ಹಿಂದೆಯೂ ಮುಂದೆಯೂ ಜಾಗ ಬಿಡಬೇಕಾಗಿ ಆ ಸಂಖ್ಯೆ ಕುಸಿಯುತ್ತದೆ. ಸಂತೆಬೀದಿಯಲ್ಲಿ ಎತ್ತಿನ ಗಾಡಿಯ ಹಿಂದೆ ಸೈಕಲ್ ಸಿಕ್ಕಿಕೊಂಡಂತೆ.

ಈ ತೊಡಕನ್ನು ಬಿಡಿಸಿಕೊಂಡು, ಮತ್ತೆ ಅದರಲ್ಲೇ ಸಿಲುಕಿದ ನಗರವೊಂದನ್ನು ನಾನು ಕಂಡಿದ್ದೇನೆ. ಕೆನಡಾದ ಟೊರಾಂಟೊ ಪಕ್ಕದ ಬ್ರ್ಯಾಂಪ್ಟನ್‌ನಲ್ಲಿ ಮಗಳ ಮನೆಯಲ್ಲಿ ಕೆಲವು ವಾರ ಇದ್ದಾಗ, ಮೌಂಟ್ ಪ್ಲೆಸೆಂಟ್ ನಿಲ್ದಾಣದ ಪ್ಲಾಟ್‌ಫಾರ್ಮಿನ ಪಕ್ಕದಲ್ಲಿ ಉದ್ದನೆಯ ಸರಕಿನ ರೈಲೊಂದು ಹಾದುಹೋಗುವುದನ್ನು ನೋಡುತ್ತ ನಿಂತಿದ್ದೆ. ಬೋಗಿ ಎಣಿಸಲು ಹೊರಟವನು ನೂರರ ಬಳಿ ಲೆಕ್ಕ ತಪ್ಪಿದೆ. ಆ ಮಾರ್ಗದ ಇತಿಹಾಸ ಕುತೂಹಲಕರ. 1960ರ ದಶಕದ ಮೊದಲರ್ಧದಲ್ಲಿ ಕೆನಡಿಯನ್ ನ್ಯಾಷನಲ್ ರೈಲ್ವೆ ಟೊರಾಂಟೊದ ಸರಕನ್ನು ಸರೋವರದ ದಂಡೆಯ ಮಾರ್ಗದಿಂದ ಬಿಡಿಸಿ, ಉತ್ತರಕ್ಕೆ ಆಗ ಹೊಲಗಳಿದ್ದ ಪ್ರದೇಶದ ಮೂಲಕ ಬಳಸುದಾರಿ ನಿರ್ಮಿಸಿತು. ಅದರ ಹೊಸ ಯಾರ್ಡ್ 1965ರಲ್ಲಿ ತೆರೆಯಿತು. ದಂಡೆಯ ಹಳಿಗಳು ಹಗುರಾದವು. ಎರಡೇ ವರ್ಷದಲ್ಲಿ, 1967ರ ಮೇ 23ರಂದು, ಅದೇ ಹಳಿಗಳ ಮೇಲೆ ಒಂಟಾರಿಯೊ ಪ್ರಾಂತೀಯ ಸರ್ಕಾರದ 'ಗೋ' ಪ್ರಯಾಣಿಕ ರೈಲು ಓಡಲಾರಂಭಿಸಿತು. ತೆರವಾದ ಜಾಗ ಪ್ರಯಾಣಿಕನಿಗೆ ತಲಪಿದ್ದಕ್ಕೆ ಇಷ್ಟು ಸ್ಪಷ್ಟವಾದ ಇನ್ನೊಂದು ಉದಾಹರಣೆ ನನಗೆ ತಿಳಿಯದು.

ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. ನಗರ ಬೆಳೆದು ಆ ಬಳಸುದಾರಿಯನ್ನೇ ನುಂಗಿತು. ನಾನು ನಿಂತಿದ್ದ ಪ್ಲಾಟ್‌ಫಾರ್ಮು ಇರುವುದು ಅದೇ ಬಳಸುದಾರಿಯ ಮೇಲೆ. ಈಗ ಕಿಚನರ್ ಕಡೆಗೆ ಹೋಗುವ ಪ್ರಯಾಣಿಕ ರೈಲು ಬ್ರ್ಯಾಮಲೀ ಮತ್ತು ಜಾರ್ಜ್‌ಟೌನ್ ನಡುವೆ ಸರಕಿನ ರೈಲಿನೊಡನೆ ಹಳಿ ಹಂಚಿಕೊಳ್ಳಬೇಕು. ಆ ಹಳಿಯ ಒಡೆತನ ಇಂದು ಖಾಸಗಿಯಾಗಿರುವ ಆ ಸರಕು ಕಂಪನಿಯದು. ಇದಕ್ಕಾಗಿ ಮತ್ತೊಂದು ಬಳಸುದಾರಿ ಕಟ್ಟುವ ತಾತ್ವಿಕ ಒಪ್ಪಂದವನ್ನು ಪ್ರಾಂತೀಯ ಸರ್ಕಾರ 2016ರಲ್ಲಿ ಪ್ರಕಟಿಸಿತ್ತು. ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಡಲಾಯಿತು.

ನಮ್ಮಲ್ಲಿಯೂ ಇದು ಹೊಸದಲ್ಲ. ಯಶವಂತಪುರದಿಂದ ಹೆಬ್ಬಾಳ, ಬಾಣಸವಾಡಿ ಮೂಲಕ ಬೈಯಪ್ಪನಹಳ್ಳಿಗೆ ಹೋಗುವ ಮಾರ್ಗ ಸಿಟಿ, ಕಂಟೋನ್ಮೆಂಟ್ ನಿಲ್ದಾಣಗಳನ್ನು ತಪ್ಪಿಸಿ ಊರಂಚಿನಲ್ಲಿ ಸಾಗುತ್ತಿತ್ತು. ಇಂದು ಅದು ಊರ ನಡುವೆ ಇದೆ, ಉಪನಗರ ಯೋಜನೆಯ 'ಮಲ್ಲಿಗೆ' ಮಾರ್ಗ ಅದರ ಪಕ್ಕದಲ್ಲೇ ಬರಬೇಕಾಗಿದೆ. ದೇವನಹಳ್ಳಿ, ಹೀಲಲಿಗೆ, ಹೆಜ್ಜಾಲಗಳು ಇನ್ನು ಇಪ್ಪತ್ತೈದು ವರ್ಷಕ್ಕೆ ಊರಾಚೆ ಇರುತ್ತವೆಯೇ? ವರ್ತುಲ ಮಾರ್ಗವನ್ನು ಜೋಡಿ ಹಳಿಗೆ ಕಟ್ಟಿದರೂ ನಾಲ್ಕು ಹಳಿಗೆ ಆಗುವಷ್ಟು ಜಾಗವನ್ನು ಮೊದಲೇ ಪಡೆಯದಿದ್ದರೆ, ಇದೇ ಲೇಖನವನ್ನು 2050ರಲ್ಲಿ ಇನ್ನೊಬ್ಬರು ಬರೆಯಬೇಕಾದೀತು.

ಇನ್ನೊಂದು ಅಂಶ ಚರ್ಚೆಯಲ್ಲಿ ಬರುತ್ತಲೇ ಇಲ್ಲ. ಬಳಸುದಾರಿಯಿಂದ ದೂರವಾಗುವುದು ಹಾದುಹೋಗುವ ಸರಕು ಮಾತ್ರ. ಬೆಂಗಳೂರು ಬಳಸುವ ಊರು; ಅದಕ್ಕೆ ಬೇಕಾದ ಅಕ್ಕಿ, ಸಿಮೆಂಟು, ಇಂಧನ ಇಲ್ಲಿಗೇ ಬಂದು ಇಳಿಯಬೇಕು. ಟರ್ಮಿನಲ್ ವೈಟ್‌ಫೀಲ್ಡಿನಲ್ಲೇ ಉಳಿದರೆ ವರ್ತುಲ ಮಾರ್ಗ ಎಷ್ಟೇ ಸೊಗಸಾಗಿದ್ದರೂ ಮಾಲೂರಿನಿಂದ ಒಳಗಿನ ಹಳಿ ತೆರವಾಗುವುದಿಲ್ಲ. ಟರ್ಮಿನಲ್ಲನ್ನು ಹೊರಗೆ ಒಯ್ದರೆ ಕೊನೆಯ ಮೂವತ್ತು, ನಲವತ್ತು ಕಿಲೋಮೀಟರ್ ಲಾರಿಯ ಪಾಲಾಗುತ್ತದೆ; ಅದರ ಖರ್ಚೂ ಹೊಗೆಯೂ ಲೆಕ್ಕಕ್ಕೆ ಬರಬೇಕು. ಈ ನಷ್ಟ ಸಹಿಸಿಯಾದರೂ ಟರ್ಮಿನಲ್ಲನ್ನು ಮಾಲೂರಿನ ಆಸುಪಾಸಿಗೆ ಸರಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಲಾರಿಯನ್ನು ರಾತ್ರಿ ಓಡಿಸಬಹುದು. ಬೆಳಗಿನ ಪಾಳಿಗೆ ಬರಬೇಕಾದವನನ್ನು ರಾತ್ರಿ ಕರೆತರಲಾಗದು.

ಇನ್ನು ಹಣದ ಮಾತು. ರೈಲ್ವೆಯ ಸಂಚಾರ ಆದಾಯದಲ್ಲಿ ಸುಮಾರು ಮೂರನೇ ಎರಡು ಭಾಗ ಸರಕಿನಿಂದ ಬರುತ್ತದೆ. ಪ್ರಯಾಣಿಕರ ದರದ ಕೊರತೆಯನ್ನು ತುಂಬುವುದೂ ಅದೇ. ಆದ್ದರಿಂದ ಹಳಿಯಲ್ಲಿ ಒಂದು ಗಂಟೆ ಬಿಡುವು ಸಿಕ್ಕರೆ ಅದನ್ನು ಇನ್ನೊಂದು ಗೂಡ್ಸ್ ಗಾಡಿಗೋ ದೂರದ ಎಕ್ಸ್‌ಪ್ರೆಸ್ಸಿಗೋ ಕೊಡಬೇಕೆನಿಸುವುದು ಅಧಿಕಾರಿಗಳ ದುಷ್ಟತನವಲ್ಲ, ಲೆಕ್ಕಪತ್ರದ ತರ್ಕ. ಹತ್ತು ರೂಪಾಯಿ ಟಿಕೆಟಿನವನು ಆ ತರ್ಕದಲ್ಲಿ ಯಾವಾಗಲೂ ಕೊನೆಯವನು. ಮುಂಬೈಯಂಥ ಮುಂಬೈಯಲ್ಲೇ, ಲೋಕಲ್ ರೈಲುಗಳನ್ನು ಉಳಿದವುಗಳಿಂದ ಬೇರ್ಪಡಿಸುವ ಠಾಣೆ–ದಿವಾ ಐದು ಮತ್ತು ಆರನೆಯ ಹಳಿಗಳಿಗೆ 2008ರಲ್ಲಿ ಶಂಕುಸ್ಥಾಪನೆಯಾಗಿ 2022ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ದೂರ ಒಂಬತ್ತು ಕಿಲೋಮೀಟರು, ಕಾಲ ಹದಿನಾಲ್ಕು ವರ್ಷ. ನಮ್ಮ ರಾಜ್ಯ ಸರ್ಕಾರ ವರ್ತುಲ ಮಾರ್ಗಕ್ಕೆ ಭೂಮಿಯನ್ನೋ ಹಣವನ್ನೋ ಕೊಡುವ ಮೊದಲು ಬೆಳಿಗ್ಗೆ ಆರರಿಂದ ಹತ್ತು, ಸಂಜೆ ಐದರಿಂದ ಒಂಬತ್ತರ ನಡುವೆ ಯಾವ ಮಾರ್ಗದಲ್ಲಿ ಎಷ್ಟು ಸ್ಥಳೀಯ ರೈಲು ಓಡುತ್ತವೆ ಎಂಬುದನ್ನು ಲಿಖಿತವಾಗಿ ಪಡೆಯಬೇಕು. ಬಾಯಿಮಾತಿನ ಭರವಸೆಗಳ ಆಯುಸ್ಸು ಎಷ್ಟೆಂಬುದು ಕಡತಗಳ ನಡುವೆ ಬಾಳಿದವರಿಗೆಲ್ಲ ಗೊತ್ತು.

ಕೊನೆಯದಾಗಿ ಭೂಮಿ. ನೂರು ಮೀಟರ್ ಅಗಲದ ಪಟ್ಟಿ 287 ಕಿ.ಮೀ. ಸಾಗಿದರೆ ಏಳು ಸಾವಿರ ಎಕರೆ ಆಗುತ್ತದೆ. ಅರ್ಧ ಅಗಲವೆಂದರೂ ಮೂರೂವರೆ ಸಾವಿರ. ಹೆದ್ದಾರಿ ಬಂದರೆ ಪಕ್ಕದ ಜಮೀನಿಗೆ ಬೆಲೆಯಾದರೂ ಏರುತ್ತದೆ. ಸರಕಿನ ಹಳಿ ಬಂದರೆ ರೈತನಿಗೆ ಉಳಿಯುವುದು ಸದ್ದು ಮತ್ತು ಸೀಳಿದ ಹೊಲ. ಭೂಸ್ವಾಧೀನದ ಕೆಲಸದಲ್ಲಿದ್ದಾಗ ಒಬ್ಬ ವೃದ್ಧ ರೈತ ನನ್ನ ಮುಂದೆ ನಕ್ಷೆ ಹಿಡಿದು ಕೇಳಿದ್ದ: "ಬಾವಿ ಆ ಕಡೆ ಉಳೀತು ಸ್ವಾಮಿ, ತೋಟ ಈ ಕಡೆ. ನೀರು ಹೆಂಗೆ ದಾಟಿಸ್ಲಿ?" ಪರಿಹಾರದ ನಮೂನೆಯಲ್ಲಿ ಆ ಪ್ರಶ್ನೆಗೆ ಕಾಲಂ ಇರಲಿಲ್ಲ. ನಾನು ಎಕರೆಯ ದರವನ್ನಷ್ಟೇ ಓದಿ ಹೇಳಿದೆ. ಪೆರಿಫೆರಲ್ ವರ್ತುಲ ರಸ್ತೆಗೆ 2007ರಲ್ಲಿ ಅಂತಿಮ ಅಧಿಸೂಚನೆ ಹೊರಟ ಮೇಲೆ ಹದಿನೈದು ವರ್ಷ ಕಳೆದರೂ ರೈತರು ಇತ್ತ ಪರಿಹಾರವೂ ಇಲ್ಲದೆ ಅತ್ತ ಮಾರಲೂ ಆಗದೆ ಕುಳಿತಿದ್ದರು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಯ ಸ್ವಾಧೀನವನ್ನು ಮೂರು ವರ್ಷಕ್ಕೂ ಮೀರಿದ ಹೋರಾಟದ ನಂತರ ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿತು. ವರ್ತುಲ ರೈಲು ಹಾದುಹೋಗಬೇಕಾದ ನೆಲ ಇಂಥದು.

ಹಾಗೆಂದು ಯೋಜನೆಯೇ ಬೇಡವೆನ್ನುವವನು ನಾನಲ್ಲ. ಮಾರಿಕುಪ್ಪಂ ರೈಲಿನಲ್ಲಿ ನಿಂತು ಬರುವವನ ಸಂಕಟಕ್ಕೆ ದೇವನಹಳ್ಳಿಯ ಚಕ್ಕೋತ ತೋಟದವನು ಬೆಲೆ ತೆರುವಂತಾಗಬಾರದು, ಅಷ್ಟೆ. ಲಾಭ ಪಡೆಯುವುದು ನಗರ. ಉಪನಗರ ನಿಲ್ದಾಣಗಳ ಸುತ್ತ ಏರುವ ನಿವೇಶನದ ಬೆಲೆಯಲ್ಲಿ ಒಂದು ಪಾಲನ್ನು ಸುಧಾರಣಾ ಶುಲ್ಕವಾಗಿ ಪಡೆದು ಈ ಭೂಮಿಯ ಪರಿಹಾರಕ್ಕೆ ಸೇರಿಸಬಹುದು. ವಿವರವಾದ ಯೋಜನಾ ವರದಿ ರಾಜ್ಯದ ಮುಂದೆ ಬಂದಾಗ ಅದರಲ್ಲಿ ಮೂರು ಸಂಗತಿಗಳನ್ನು ಹುಡುಕಬೇಕು: ವೈಟ್‌ಫೀಲ್ಡ್ ಟರ್ಮಿನಲ್ ಎಲ್ಲಿಗೆ ಹೋಗುತ್ತದೆ, ಬಂಗಾರಪೇಟೆ ಕಡೆಯಿಂದ ಬೆಳಿಗ್ಗೆ ಎಷ್ಟು ರೈಲು ಹೆಚ್ಚುತ್ತವೆ, ಮತ್ತು ಸೀಳಿದ ಹೊಲಗಳ ನಡುವೆ ದಾಟಲು ಎಷ್ಟು ದೂರಕ್ಕೊಂದು ಕೆಳಸೇತುವೆ ಇರುತ್ತದೆ.