ಗಡಿಯಾರದ ಮುಳ್ಳೂ ಬರೆಯುವ ಕೈಯೂ

ಮಾರ್ಚ್ ತಿಂಗಳು ಸಮೀಪಿಸಿತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಮನೆಮನೆಯಲ್ಲೂ ಎಸ್.ಎಸ್.ಎಲ್.ಸಿ. ಪರೀಕ್ಷೆಯದೇ ಮಾತು. ಬೆಳಗಾವಿ ಜಿಲ್ಲೆಯಲ್ಲಿದ್ದರೂ ಚಿಕ್ಕೋಡಿಯು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಅದರ ಫಲಿತಾಂಶದ ಲೆಕ್ಕವೂ ಪ್ರತ್ಯೇಕ. ಆದರೆ ಪಾಠವನ್ನು ಚೆನ್ನಾಗಿ ಬಲ್ಲ ಮಗುವಿನ ಕೈ ಗಡಿಯಾರದೊಡನೆ ಓಡಲಾರದೆ ಹೋದರೆ ಗತಿಯೇನು? ಆ ಲೆಕ್ಕ ಇದನ್ನು ಹೇಳುವುದಿಲ್ಲ.

ಅಂಧ ವಿದ್ಯಾರ್ಥಿಯೊಬ್ಬನು ಪರೀಕ್ಷೆ ಬರೆಯುವ ಬಗೆಯನ್ನು ವಾಚಕರು ಊಹಿಸಿಕೊಳ್ಳಬೇಕು. ಪ್ರಶ್ನೆಯನ್ನು ಇನ್ನೊಬ್ಬರು ಓದಿ ಹೇಳಬೇಕು. ಅವನು ಅದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು, ಉತ್ತರವನ್ನು ವಾಕ್ಯವಾಕ್ಯವಾಗಿ ಹೇಳಿ ಬರೆಯಿಸಬೇಕು. ಬರೆದದ್ದನ್ನು ಮತ್ತೆ ಓದಿಸಿ ಕೇಳಬೇಕು. ಇತರರಿಗೆ ಒಂದೇ ಆದ ಕೆಲಸ ಅವನಿಗೆ ಮೂರಾಗುತ್ತದೆ. ಅವನಿಗೆ ಕೊಡುವ ಹೆಚ್ಚಿನ ವೇಳೆ ಆ ನಷ್ಟವನ್ನು ತುಂಬುತ್ತದೆಯೇ ಹೊರತು, ತಿಳಿಯದ ಉತ್ತರವನ್ನು ತಿಳಿಸಿಕೊಡುವುದಿಲ್ಲ.

ಇದು ಯಾರೊಬ್ಬರ ಕೃಪೆಯೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ; ಹೆಚ್ಚಿನ ವೇಳೆ, ಬರೆದುಕೊಡುವ ಲಿಪಿಕಾರನ ನೆರವು, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ಇವುಗಳನ್ನು ಅದರ 17ನೆಯ ಕಲಮಿನಲ್ಲಿ ಹೆಸರಿಸಿದೆ. ಲಿಪಿಕಾರನನ್ನು ಪಡೆಯಬಲ್ಲ ಅಭ್ಯರ್ಥಿಗೆ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚುವರಿ ವೇಳೆ ಸಲ್ಲಬೇಕೆಂದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಗೊತ್ತುಪಡಿಸಿತು. ಮೂರು ಗಂಟೆಯ ಪತ್ರಿಕೆಗೆ ಇದು ಪೂರ್ತಿ ಒಂದು ಗಂಟೆಯಾಯಿತು.

ವೈಕಲ್ಯ ಶೇಕಡ 40ರಷ್ಟಿಲ್ಲದವರ ಪಾಡೇನು? ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಸ್ ಕುಮಾರ್ ಎಂಬವರಿಗೆ ಕೇಂದ್ರ ಲೋಕಸೇವಾ ಆಯೋಗವು ಇದೇ ಕಾರಣದಿಂದ ಲಿಪಿಕಾರನನ್ನು ನಿರಾಕರಿಸಿತ್ತು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿತು. ಇಂಥವರಿಗಾಗಿಯೇ 2022ರಲ್ಲಿ ಬೇರೊಂದು ಮಾರ್ಗಸೂಚಿ ಹೊರಟಿತು.

ಆದರೂ ಹಕ್ಕು ತಾನಾಗಿ ಮನೆಬಾಗಿಲಿಗೆ ಬರುವುದಿಲ್ಲ. ವೈದ್ಯರ ಪ್ರಮಾಣಪತ್ರ ಬೇಕು, ಶಾಲೆಯ ಮೂಲಕ ಸಕಾಲದಲ್ಲಿ ಅರ್ಜಿ ಹೋಗಬೇಕು. ತಪಾಸಣೆಗೆ ಬೆಳಗಾವಿಗೇ ಹೋಗಬೇಕಾಗಿ ಬಂದರೆ ಅಥಣಿಯಿಂದ ನೂರು ಕಿಲೋಮೀಟರಿಗೂ ಮಿಗಿಲಾದ ಹಾದಿ. ಒಂದು ದಿನದ ಕೂಲಿಯೂ ಹೋಯಿತು. ಇದಕ್ಕಿಂತ ದೊಡ್ಡ ಅಡ್ಡಿ ಸಂಕೋಚ. ನಾಲ್ವರಿಗೆ ತಿಳಿದರೆ ನಾಳೆ ಸಂಬಂಧ ಕೂಡಿಬರುವುದು ಕಷ್ಟವೆಂದು ಮಗಳ ತೊಂದರೆಯನ್ನು ಮುಚ್ಚಿಡುವ ತಾಯ್ತಂದೆಯರು ಇಲ್ಲದಿಲ್ಲ. ಮುಚ್ಚಿಟ್ಟದ್ದರ ಬೆಲೆಯನ್ನು ತೆರುವವಳು ಅವಳೇ, ಅದೂ ಅಂಕಪಟ್ಟಿಯಲ್ಲಿ. ಶಾಲೆ ಆರಂಭವಾಗುವ ಜೂನಿನಲ್ಲಿಯೇ ಮುಖ್ಯೋಪಾಧ್ಯಾಯರನ್ನು ಕಂಡು ಮಾತನಾಡುವುದು ಲೇಸು; ಮಾರ್ಚಿನಲ್ಲಿ ಓಡಾಡಿದರೆ ವೇಳೆ ಮೀರಿರುತ್ತದೆ.