ಮನೆಗೊಂದು ಲ್ಯಾಪ್‌ಟಾಪ್: ಕೊಳ್ಳುವ ಮುನ್ನ ಮೂರು ಲಿಪಿ ನೆನಪಿರಲಿ

ಬೇಸಿಗೆ ರಜೆ ಮುಗಿಯುತ್ತಾ ಬಂದಂತೆ ತಾಳವಾಡಿ ಸುತ್ತಿನ ಊರುಗಳಲ್ಲಿ ತಂದೆತಾಯಿಗಳು ಮೇಷ್ಟ್ರುಗಳನ್ನು ನಿಲ್ಲಿಸಿ ಕೇಳುವ ಪ್ರಶ್ನೆ ಈಚೆಗೆ ಬದಲಾಗಿದೆ. ಮೊದಲು 'ಯಾವ ಗೈಡ್ ಕೊಡಿಸಲಿ?' ಎನ್ನುತ್ತಿದ್ದವರು ಈಗ 'ಯಾವ ಲ್ಯಾಪ್‌ಟಾಪ್ ಕೊಡಿಸಲಿ?' ಎನ್ನುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಬರುತ್ತದೆ: 'ನಮ್ಮ ಮಗು ಕನ್ನಡ ಮೀಡಿಯಂ. ಕಂಪ್ಯೂಟರ್‌ನಲ್ಲಿ ಎಲ್ಲವೂ ಇಂಗ್ಲಿಷೇ ಅಲ್ಲವೇ? ಕೊಡಿಸಿ ಏನು ಪ್ರಯೋಜನ?'

ಮೊದಲ ಪ್ರಶ್ನೆಗಿಂತ ಎರಡನೆಯದೇ ನನಗೆ ಹೆಚ್ಚು ಚಿಂತೆ ತರುವುದು. ಈ ಮಾತನ್ನು ನಂಬಿ ಮಗುವಿನ ಮಾಧ್ಯಮವನ್ನೇ ಬದಲಿಸಲು ಹೊರಟವರನ್ನು ನೋಡಿದ್ದೇನೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ಆ ಮಾತು ನಿಜವಲ್ಲ. ಗಡಿನಾಡಿನ ಇನ್ನೊಂದು ತುದಿಯಾದ ಕಾಸರಗೋಡನ್ನು ನೋಡಿ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕೇರಳ ಸರ್ಕಾರ ಕಂಪ್ಯೂಟರ್ ವಿಷಯದ ಪಠ್ಯಪುಸ್ತಕವನ್ನು ಕನ್ನಡದಲ್ಲೇ ಕೊಡುತ್ತದೆ. ಶಾಲೆಯ ಯಂತ್ರಗಳಲ್ಲಿ ದುಡ್ಡು ಕೊಡದೆ ಸಿಗುವ ಲಿನಕ್ಸ್ ಇದೆ. ಅಲ್ಲಿ ಆಗುವುದು ತಾಳವಾಡಿಯಲ್ಲಿ ಆಗದೆ ಇರುವುದಕ್ಕೆ ಕಾರಣವಿಲ್ಲ. ಆದರೆ ಇಲ್ಲಿ ಕೊಳ್ಳುವವರು ನೀವು. ಕೋಸು, ಆಲೂಗೆಡ್ಡೆ ಬೆಳೆದು ಬಂದ ದುಡ್ಡು ತಪ್ಪು ಪೆಟ್ಟಿಗೆಗೆ ಹೋಗಬಾರದು.

ಯಾವ ತರಗತಿಗೆ ಬೇಕು?

ಐದನೇ ತರಗತಿಯವರೆಗೆ ಮನೆಯಲ್ಲಿ ಲ್ಯಾಪ್‌ಟಾಪ್ ಅಗತ್ಯವಿಲ್ಲ. ಆ ದುಡ್ಡಿನಲ್ಲಿ ಪುಸ್ತಕ ಕೊಡಿಸಿ, ಉಳಿದದ್ದನ್ನು ಎತ್ತಿಡಿ. ಆರರಿಂದ ಎಂಟರವರೆಗೆ ಮನೆಗೆಲ್ಲ ಒಂದು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಓದು ನಿಲ್ಲುವುದಿಲ್ಲ. ಒಂಬತ್ತನೇ ತರಗತಿಯಿಂದ ಮುಂದಕ್ಕೆ, ಅದರಲ್ಲೂ ಪ್ಲಸ್ ಒನ್, ಪ್ಲಸ್ ಟು ಸೇರುವ ಮಕ್ಕಳಿಗೆ ಅದು ನಿಜವಾಗಿ ಕೆಲಸಕ್ಕೆ ಬರುತ್ತದೆ. ನಮ್ಮ ರಾಜ್ಯದ ಪ್ಲಸ್ ಒನ್ ಕಂಪ್ಯೂಟರ್ ಸೈನ್ಸ್‌ನಲ್ಲಿ ಸಿ++, ಪ್ಲಸ್ ಟುನಲ್ಲಿ ಪೈಥಾನ್ ಕಲಿಸುತ್ತಾರೆ. ಇವೆರಡನ್ನೂ ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ಕಲಿಯಲಾಗದು.

ಸರ್ಕಾರ ಕೊಡುತ್ತದಲ್ಲ ಎನ್ನುವವರೂ ಇದ್ದಾರೆ. 2011ರ ಸೆಪ್ಟೆಂಬರ್ 15ರಂದು ಆರಂಭವಾದ ಉಚಿತ ಲ್ಯಾಪ್‌ಟಾಪ್ ಯೋಜನೆ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಪ್ಲಸ್ ಟು ಮಕ್ಕಳಿಗೆ ತಲುಪಿತು, ಕೆಲವು ವರ್ಷಗಳ ನಂತರ ನಿಂತುಹೋಯಿತು. 2025ರ ಮಾರ್ಚ್ ಬಜೆಟ್‌ನಲ್ಲಿ 20 ಲಕ್ಷ ಮಂದಿಗೆ ಲ್ಯಾಪ್‌ಟಾಪ್ ಅಥವಾ ಟ್ಯಾಬ್ಲೆಟ್ ಎಂದು ಘೋಷಿಸಿದ್ದು ಕಾಲೇಜು ವಿದ್ಯಾರ್ಥಿಗಳಿಗೆ. ಶಾಲೆಯ ವಯಸ್ಸಿನಲ್ಲಿ ಬೇಕೆಂದರೆ ನಿಮ್ಮ ಕೈಯಿಂದಲೇ ಆಗಬೇಕು. ಕೊಡಿಸುವಾಗ ಮಗನಿಗೆ ಲ್ಯಾಪ್‌ಟಾಪು, ಮಗಳಿಗೆ ಅಪ್ಪನ ಹಳೇ ಫೋನು ಎಂಬ ಲೆಕ್ಕ ಬೇಡ. ಒಂದೇ ತಂದರೂ ಇಬ್ಬರ ಹೆಸರಿನಲ್ಲೂ ಬೇರೆ ಬೇರೆ ಖಾತೆ ತೆರೆಯಬಹುದು.

ಒಳಗೆ ಏನಿರಬೇಕು?

ಅಂಗಡಿಯವರು ಹೇಳುವ ಇಪ್ಪತ್ತು ಮಾತುಗಳಲ್ಲಿ ನೀವು ಹಿಡಿದುಕೊಳ್ಳಬೇಕಾದವು ಕೆಲವೇ.

ಮೊದಲನೆಯದು ರ‍್ಯಾಮ್. ಇದು ಮಗು ಕುಳಿತು ಓದುವ ಮೇಜಿನಂತೆ. ಮೇಜು ಚಿಕ್ಕದಾದರೆ ಒಂದು ಪುಸ್ತಕ ತೆಗೆಯಲು ಇನ್ನೊಂದನ್ನು ಎತ್ತಿಡಬೇಕು. 4 ಜಿಬಿ ಇದ್ದರೆ ವಿಂಡೋಸ್ ತೆವಳುತ್ತದೆ. 8 ಜಿಬಿ ಇರಲಿ. 16 ಇದ್ದರೆ ಸಂತೋಷ, ಶಾಲೆಯ ಕೆಲಸಕ್ಕೆ ಕಡ್ಡಾಯವಲ್ಲ.

ಎರಡನೆಯದು ಎಸ್‌ಎಸ್‌ಡಿ. ಇದು ಪುಸ್ತಕದ ಬೀರು. ತಿರುಗುವ ತಟ್ಟೆಯ ಹಳೇ ಹಾರ್ಡ್ ಡಿಸ್ಕ್‌ಗಿಂತ ಬಹಳ ವೇಗ, ಕೈ ತಪ್ಪಿ ಅಲುಗಾಡಿದರೂ ಅಷ್ಟು ಸುಲಭಕ್ಕೆ ಕೆಡದು. 256 ಜಿಬಿ ಸಾಕು. ಅಗ್ಗದ ಕೆಲವು ಯಂತ್ರಗಳಲ್ಲಿ 64 ಜಿಬಿಯ 'ಇಎಂಎಂಸಿ' ಇರುತ್ತದೆ. ವಿಂಡೋಸ್ ಅಪ್‌ಡೇಟ್‌ಗಳು ಬಂದಂತೆಲ್ಲ ಅದು ತುಂಬಿಹೋಗುತ್ತದೆ, ಬದಲಿಸಲೂ ಬರುವುದಿಲ್ಲ. ಬೆಲೆ ಕಡಿಮೆಯೆಂದು ಅದನ್ನು ತರಬೇಡಿ.

ಮೂರನೆಯದು ಬ್ಯಾಟರಿ. ನಮ್ಮ ಬೆಟ್ಟದ ಊರುಗಳಲ್ಲಿ ಮಳೆಗಾಳಿ ಬಂದರೆ ಕರೆಂಟು ಹೋಗುತ್ತದೆ. ಅದಕ್ಕಾಗಿಯೇ ಡೆಸ್ಕ್‌ಟಾಪ್‌ಗಿಂತ ಲ್ಯಾಪ್‌ಟಾಪ್ ಮೇಲು ಎನ್ನುತ್ತೇನೆ. ಐದಾರು ಗಂಟೆ ನಿಲ್ಲುವಂಥದ್ದನ್ನು ಕೇಳಿ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಚಾರ್ಜರ್ ತೆಗೆದಿಡುವ ಅಭ್ಯಾಸ ಮಾಡಿಸಿ.

ಪರದೆ 14 ಇಂಚಿನದು ಸಾಕು. ಆಟಕ್ಕೆಂದೇ ಮಾಡಿದ ಗೇಮಿಂಗ್ ಲ್ಯಾಪ್‌ಟಾಪ್ ಭಾರ, ಬೆಲೆ ಹೆಚ್ಚು, ಬ್ಯಾಟರಿಯೂ ಬೇಗ ಇಳಿಯುತ್ತದೆ. ಕ್ರೋಮ್‌ಬುಕ್ ಅಗ್ಗವೂ ಸರಳವೂ ಹೌದು. ಆದರೆ ಅದರ ಹೆಚ್ಚಿನ ಕೆಲಸ ಇಂಟರ್‌ನೆಟ್ ನೆಚ್ಚಿಕೊಂಡಿದೆ. ಸಿಗ್ನಲ್‌ಗಾಗಿ ಮನೆಯ ಮಾಳಿಗೆ ಹತ್ತುವ ಊರಿಗೆ ಅದು ಹೊಂದದು.

ಇವನ್ನೆಲ್ಲ ಅಂಗಡಿಯಲ್ಲೇ ಪರೀಕ್ಷಿಸಬಹುದು. ವಿಂಡೋಸ್ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರ 'ಪರ್ಫಾರ್ಮೆನ್ಸ್' ಪುಟದಲ್ಲಿ ಮೆಮೊರಿ ಎಷ್ಟು, ಡಿಸ್ಕ್ ಎಸ್‌ಎಸ್‌ಡಿಯೋ ಎಚ್‌ಡಿಡಿಯೋ ಎಂದು ಬರೆದಿರುತ್ತದೆ.

ಒಂದೇ ಕೀಲಿ, ಎರಡು ಲಿಪಿ

ನಮ್ಮ ಮಕ್ಕಳ ವಿಶೇಷ ಅಗತ್ಯ ಇಲ್ಲಿದೆ. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಇಲ್ಲೇ ಉಳಿಯಿತು. 2006ರ ತಮಿಳು ಕಲಿಕೆ ಕಾಯ್ದೆಯ ನಂತರ ನಮ್ಮ ಮಕ್ಕಳ ಚೀಲದಲ್ಲಿ ಕನ್ನಡ, ಇಂಗ್ಲಿಷ್ ಜೊತೆಗೆ ತಮಿಳು ಪುಸ್ತಕವೂ ಇದೆ. ನಮ್ಮ ಮಗುವಿಗೆ ಈ ಮೂರೂ ಲಿಪಿ ಬರೆಯುವ ಯಂತ್ರ ಬೇಕು.

ಇದಕ್ಕೆ ಬೇರೆ ಖರ್ಚಿಲ್ಲ. ವಿಂಡೋಸ್‌ನಲ್ಲಿರುವ 'ನಿರ್ಮಲಾ ಯುಐ' ಅಕ್ಷರವಿನ್ಯಾಸದಲ್ಲಿ ಕನ್ನಡವೂ ಇದೆ, ತಮಿಳೂ ಇದೆ. ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆಯ ವಿಭಾಗದಲ್ಲಿ ಎರಡನ್ನೂ ಸೇರಿಸಿದರೆ, ವಿಂಡೋಸ್ ಕೀಲಿ ಮತ್ತು ಸ್ಪೇಸ್ ಬಾರ್ ಒತ್ತಿ ಒಂದರಿಂದ ಇನ್ನೊಂದಕ್ಕೆ ದಾಟಬಹುದು. ಲಿನಕ್ಸ್‌ನಲ್ಲೂ ಇದೇ ಅನುಕೂಲವಿದೆ.

ಟೈಪಿಂಗ್ ವಿನ್ಯಾಸಗಳು ಹಲವು ಇವೆ. ಕರ್ನಾಟಕದಲ್ಲಿ 'ನುಡಿ' ತಂತ್ರಾಂಶದ ಮೂಲಕ ಕೆ.ಪಿ. ರಾವ್ ಅವರ ವಿನ್ಯಾಸ ಬಳಕೆಗೆ ಬಂತು. ತಮಿಳಿಗೆ 'ತಮಿಳ್99' ಇದೆ. ಎರಡೂ ಒಳ್ಳೆಯವೇ. ಆದರೆ ಒಂದು ಕಲಿತರೆ ಇನ್ನೊಂದು ಬರುವುದಿಲ್ಲ. ಎರಡೂ ಭಾಷೆ ಓದುವ ಮಗುವಿಗೆ ನಾನು ಹೇಳುವುದು ಇನ್‌ಸ್ಕ್ರಿಪ್ಟ್. 1980ರ ದಶಕದಲ್ಲಿ ಭಾರತ ಸರ್ಕಾರ ರೂಪಿಸಿದ ಈ ವಿನ್ಯಾಸದಲ್ಲಿ ಎಲ್ಲ ಭಾರತೀಯ ಲಿಪಿಗಳಲ್ಲೂ ಒಂದು ಧ್ವನಿಗೆ ಒಂದೇ ಕೀಲಿ. ಕನ್ನಡದಲ್ಲಿ 'ಮರ' ಎಂದು ಬರೆಯಲು ಇಂಗ್ಲಿಷಿನ ಸಿ, ಜೆ ಕೀಲಿಗಳನ್ನು ಒತ್ತಬೇಕು. ಭಾಷೆ ಬದಲಿಸಿ ಅದೇ ಸಿ, ಜೆ ಒತ್ತಿ, ಕೊನೆಗೆ ಸಿ ಮತ್ತು ಡಿ ಸೇರಿಸಿದರೆ ತಮಿಳಿನ 'ಮರಮ್' ಆಗುತ್ತದೆ. ಕನ್ನಡಕ್ಕೆ ಕಲಿತ ಬೆರಳು ತಮಿಳಿಗೂ ದುಡಿಯುತ್ತದೆ. ತಮಿಳು ಲಿಪಿಯಲ್ಲಿ ಖ, ಗ, ಘ ಇಲ್ಲದ ಕಾರಣ ಆ ಜಾಗಗಳು ಖಾಲಿ ಬೀಳುತ್ತವೆ, ಅಷ್ಟೇ ವ್ಯತ್ಯಾಸ.

ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕನ್ನಡ ಮೂಡುವ ವಿಧಾನ ಮೊದಲ ದಿನ ಸುಲಭವಾಗಿ ಕಾಣುತ್ತದೆ. ಆದರೆ ಲ-ಳ, ನ-ಣ, ಹ್ರಸ್ವ-ದೀರ್ಘ ಬರೆಯಲು ಕೈ ತಡೆಯುತ್ತದೆ. ಕಾಗುಣಿತ ಗಟ್ಟಿಯಾಗಬೇಕಾದ ವಯಸ್ಸಿನ ಮಗು ತನ್ನ ನುಡಿಯನ್ನು ಇಂಗ್ಲಿಷ್ ಅಕ್ಷರದ ಮೂಲಕ ಯೋಚಿಸತೊಡಗುತ್ತದೆ. ದಿನಕ್ಕೆ ಹದಿನೈದು ನಿಮಿಷದಂತೆ ಕೆಲವು ವಾರ ಕೂರಿಸಿದರೆ ಇನ್‌ಸ್ಕ್ರಿಪ್ಟ್ ಕೈಗೆ ಹತ್ತುತ್ತದೆ.

ಇನ್ನೊಂದು ಎಚ್ಚರ. ಬರೆದದ್ದೆಲ್ಲ ಯೂನಿಕೋಡ್‌ನಲ್ಲಿರಲಿ. ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಆ ಫಾಂಟು ಇಲ್ಲದ ಯಂತ್ರಕ್ಕೆ ಹೋದರೆ ಅರ್ಥವಿಲ್ಲದ ಗೀಚಾಗಿ ಕಾಣುತ್ತದೆ.

ನೆಟ್ ಇಲ್ಲದಾಗಲೂ ಓದು

ಸಿಗ್ನಲ್ ಚೆನ್ನಾಗಿರುವ ಪೇಟೆಗೆ ಹೋದ ದಿನ ಬೇಕಾದ್ದನ್ನು ಇಳಿಸಿಕೊಂಡರೆ ಮನೆಯಲ್ಲಿ ತಿಂಗಳುಗಟ್ಟಲೆ ನೆಟ್ ಇಲ್ಲದೆ ಓದಬಹುದು. 'ಕಿವಿಕ್ಸ್' ಎಂಬ ಉಚಿತ ತಂತ್ರಾಂಶದಲ್ಲಿ ಕನ್ನಡ ವಿಕಿಪೀಡಿಯಾವನ್ನೂ ತಮಿಳು ವಿಕಿಪೀಡಿಯಾವನ್ನೂ ಇಡಿಯಾಗಿ ಇಟ್ಟುಕೊಳ್ಳಬಹುದು. ಕೊಲರಾಡೋ ವಿಶ್ವವಿದ್ಯಾಲಯದ 'ಫೆಟ್' ವಿಜ್ಞಾನ ಪ್ರಯೋಗಗಳಲ್ಲಿ ಹಲವು ಕನ್ನಡದಲ್ಲಿವೆ. ಪ್ರಯೋಗಾಲಯ ಇಲ್ಲದ ಶಾಲೆಯ ಮಗು ವಿದ್ಯುತ್ ಮಂಡಲವನ್ನು ಪರದೆಯ ಮೇಲೆ ಜೋಡಿಸಿ ನೋಡಬಹುದು. ಬರೆಯಲು 'ಲಿಬ್ರೆಆಫೀಸ್' ಇದೆ. ಅದರ ಮೆನುಗಳನ್ನೂ ಕನ್ನಡಕ್ಕೆ ಬದಲಿಸಬಹುದು, ದುಡ್ಡು ಕೊಡಬೇಕಿಲ್ಲ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂಡಿಸಿದ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ನಮೂದುಗಳಿವೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ'ಯಲ್ಲಿ ಹಲವು ಭಾಷೆಗಳ ನಿಘಂಟುಗಳಿವೆ. ಈ ಎರಡಕ್ಕೆ ಮಾತ್ರ ನೆಟ್ ಬೇಕು.

ನಮ್ಮ ರಾಜ್ಯದ ಪುಸ್ತಕಗಳಂತೆ ಕರ್ನಾಟಕದ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳೂ ಪಿಡಿಎಫ್ ರೂಪದಲ್ಲಿ ಉಚಿತ. ಪಾಠಕ್ರಮ ಬೇರೆ, ಪರೀಕ್ಷೆಗೆ ಅದು ಆಧಾರವಲ್ಲ. ಆದರೆ ಒಂದು ಪಾಠ ನಮ್ಮ ಪುಸ್ತಕದಲ್ಲಿ ತಲೆಗೆ ಹತ್ತದಿದ್ದರೆ, ಅದೇ ವಿಷಯವನ್ನು ಇನ್ನೊಂದು ಕನ್ನಡ ಪುಸ್ತಕದಲ್ಲಿ ಓದಿದರೆ ಎಷ್ಟೋ ಸಲ ಬಿಡಿಸಿಕೊಳ್ಳುತ್ತದೆ.

ಹಳೆಯದು ಕೊಳ್ಳುವುದಾದರೆ

ಎಲ್ಲರೂ ಹೊಸದೇ ತರಬೇಕಿಲ್ಲ. ಕಚೇರಿಗಳಲ್ಲಿ ಬಳಸಿ, ದುರಸ್ತಿಯಾಗಿ ಬಂದ ಲ್ಯಾಪ್‌ಟಾಪ್‌ಗಳು ಹೊಸದಕ್ಕಿಂತ ಬಹಳ ಅಗ್ಗ, ಕೆಲವು ಗಟ್ಟಿಯಾಗಿಯೂ ಇರುತ್ತವೆ. ಒಂದು ದಿನಾಂಕ ನೆನಪಿಡಿ: 2025ರ ಅಕ್ಟೋಬರ್ 14. ಅಂದು ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಸರಿಯಾಗಿ ಕೂರಬೇಕಾದರೆ ಸಾಮಾನ್ಯವಾಗಿ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಹೆಸರಿನಲ್ಲೇ ಇದು ತಿಳಿಯುತ್ತದೆ. 'ಐ5-8250ಯು' ಎಂದಿದ್ದರೆ ಎಂಟನೆಯದು, 'ಐ5-6200ಯು' ಎಂದಿದ್ದರೆ ಆರನೆಯದು. 'ಐ5 ಇದೆ ಸಾರ್, ಫಸ್ಟ್ ಕ್ಲಾಸ್' ಎಂಬ ಮಾತಿಗೆ ಮರುಳಾಗದೆ ಅದರ ಮುಂದಿನ ಅಂಕಿ ಕೇಳಿ. ಬ್ಯಾಟರಿ ರಿಪೋರ್ಟ್ ತೆಗೆದು ತೋರಿಸಲು ಹೇಳಿ. ಹೊಸದಾಗಿದ್ದಾಗಿನ ಶಕ್ತಿಯಲ್ಲಿ ಈಗ ಅರ್ಧವೂ ಉಳಿದಿಲ್ಲವೆಂದರೆ ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಸಿಯಲ್ಲಿ ಇಳಿಸಿ.

ಅಕ್ಕನಿಗೋ ಅಣ್ಣನಿಗೋ ಸರ್ಕಾರ ಕೊಟ್ಟ ಲ್ಯಾಪ್‌ಟಾಪ್ ಅಟ್ಟದ ಮೇಲೆ ಬಿದ್ದಿದೆಯೇ? ಗುಜರಿಗೆ ಹಾಕುವ ಮುನ್ನ ರಿಪೇರಿಯವರಿಗೆ ತೋರಿಸಿ. ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ ಹೆಚ್ಚಿಸಿ, ಲಿನಕ್ಸ್ ಮಿಂಟ್ ಅಥವಾ ಉಬುಂಟು ಕೂರಿಸಿದರೆ ಹಲವು ಯಂತ್ರಗಳು ಮತ್ತೆ ಎದ್ದು ಕೂರುತ್ತವೆ. ಎಂಟನೇ ತರಗತಿಯ ತಮ್ಮನಿಗೆ ಅದು ಸಾಕು.

ಎಲ್ಲಿ ಕೊಳ್ಳಬೇಕು?

ಕೆಟ್ಟರೆ ಎಲ್ಲಿಗೆ ಹೊತ್ತುಕೊಂಡು ಹೋಗುತ್ತೀರಿ ಎಂಬುದನ್ನು ಯೋಚಿಸಿ ಕೊಳ್ಳಿ. ಸತ್ಯಮಂಗಲಕ್ಕೆ ಇಳಿಯಬೇಕೆಂದರೆ ದಿಂಬಂ ಘಾಟಿಯ 27 ತಿರುವು ದಾಟಬೇಕು. ನಮ್ಮಲ್ಲಿ ಹೆಚ್ಚಿನವರಿಗೆ ಚಾಮರಾಜನಗರವೇ ಹತ್ತಿರ. ಹೊಸ ಯಂತ್ರದ ಕಂಪನಿ ವಾರಂಟಿಗೆ ರಾಜ್ಯದ ಗಡಿ ಅಡ್ಡಬಾರದು, ಜಿಎಸ್‌ಟಿ ಬಿಲ್ಲು ಕೈಯಲ್ಲಿರಬೇಕು ಅಷ್ಟೇ. ಬಿಲ್ಲಿಲ್ಲದೆ ಸಾವಿರ ರೂಪಾಯಿ ಉಳಿಸಿದರೆ ವಾರಂಟಿಯೇ ಹೋಗಬಹುದು. ಕಂತಿನಲ್ಲಿ ತರುವವರು ಒಟ್ಟು ಎಷ್ಟು ಕಟ್ಟಬೇಕೆಂದು ಕೂಡಿಸಿ ನೋಡಿ. 'ಬಡ್ಡಿ ಇಲ್ಲ' ಎಂದರೂ ಇತರ ಶುಲ್ಕ ಇರಬಹುದು.

ಮನೆಗೆ ತಂದ ಮೇಲೆ

ಲ್ಯಾಪ್‌ಟಾಪಿನ ಜಾಗ ನಡುಮನೆ, ಬಾಗಿಲು ಹಾಕಿದ ಕೋಣೆಯಲ್ಲ. ಮುಖ್ಯ ಖಾತೆಯ ಪಾಸ್‌ವರ್ಡ್ ಹೆತ್ತವರಲ್ಲಿರಲಿ, ಮಗುವಿಗೆ ಸಾಮಾನ್ಯ ಖಾತೆ ಕೊಡಿ. ಒಟಿಪಿ ಯಾರಿಗೂ ಹೇಳಬಾರದೆಂದು ಮೊದಲ ದಿನವೇ ಕಲಿಸಿ. ಹಣದ ಮೋಸವಾದರೆ 1930, ಮಕ್ಕಳಿಗೆ ತೊಂದರೆಯಾದರೆ 1098 ಸಂಖ್ಯೆಗೆ ಕರೆ ಮಾಡಬಹುದು. ನಿಮಗೆ ಕಂಪ್ಯೂಟರ್ ಬರದಿದ್ದರೂ ಪಕ್ಕದಲ್ಲಿ ಕುಳಿತು 'ಇವತ್ತು ಏನು ಬರೆದೆ, ಓದಿ ಹೇಳು ಮಗಾ' ಎಂದು ಕೇಳಬಹುದು. ಪರದೆಯ ಮೇಲೆ ಕನ್ನಡವಿದ್ದರೆ ಮಾತ್ರ ನೀವು ಆ ಪ್ರಶ್ನೆ ಕೇಳಿ ಉತ್ತರವನ್ನು ಪರೀಕ್ಷಿಸಲು ಸಾಧ್ಯ. ಕನ್ನಡ ಮಾಧ್ಯಮದ ಮಗುವಿನ ತಂದೆತಾಯಿಗೆ ಇರುವ ದೊಡ್ಡ ಅನುಕೂಲ ಇದು. ಬಿಟ್ಟುಕೊಡಬೇಡಿ.

ಅಂಗಡಿಗೆ ಹೋಗುವಾಗ ಜೇಬಿನಲ್ಲಿರಲಿ ಈ ಚೀಟಿ

1. ರ‍್ಯಾಮ್ 8 ಜಿಬಿ, ಎಸ್‌ಎಸ್‌ಡಿ 256 ಜಿಬಿ. ಇಎಂಎಂಸಿ ಬೇಡ.
2. ಪರದೆ 14 ಇಂಚು, ಬ್ಯಾಟರಿ ಐದಾರು ಗಂಟೆ.
3. ಹಳೆಯದಾದರೆ ಇಂಟೆಲ್ ಎಂಟನೇ ತಲೆಮಾರು ಅಥವಾ ನಂತರದ್ದು. ಬ್ಯಾಟರಿ ರಿಪೋರ್ಟ್ ನೋಡಿ.
4. ಕನ್ನಡ, ತಮಿಳು ಇನ್‌ಸ್ಕ್ರಿಪ್ಟ್ ಕೀಲಿಮಣೆ ಅಂಗಡಿಯಲ್ಲೇ ಸೇರಿಸಿಕೊಳ್ಳಿ. ಸಿ, ಜೆ ಒತ್ತಿದಾಗ 'ಮರ' ಮೂಡಬೇಕು.
5. ಜಿಎಸ್‌ಟಿ ಬಿಲ್ಲು, ವಾರಂಟಿ ಚೀಟಿ, ಹತ್ತಿರದ ಸರ್ವಿಸ್ ಸೆಂಟರ್ ವಿಳಾಸ.
6. ಬಳಸುವ ಮಗುವನ್ನು ಜೊತೆಗೆ ಕರೆದುಕೊಂಡು ಹೋಗಿ. ಅಲ್ಲೇ ಅದರ ಹೆಸರನ್ನು ಮೂರು ಲಿಪಿಯಲ್ಲೂ ಬರೆಯಿಸಿ ನೋಡಿ, ಆಮೇಲೆ ದುಡ್ಡು ಎಣಿಸಿ.