ನಿಮಗಿದು ಗೊತ್ತೇ? ಆಟೊ ಗಾಜಿನ ಮೇಲಿನ ಶಂಕರ್‌ನಾಗ್

ರಾಣೇಬೆನ್ನೂರಿನಿಂದ ಮೇಡ್ಲೇರಿ ಕಡೆ ಬರುವ ಆಟೊಗಳ ಹಿಂದಿನ ಗಾಜು ನೋಡುತ್ತ ಬನ್ನಿ. ಒಂದಲ್ಲ ಒಂದರ ಮೇಲೆ ಅದೇ ಮುಖ, ಅದೇ ನಗು. ಆ ಆಟೊ ಓಡಿಸುವ ಹುಡುಗ ಹುಟ್ಟುವ ಮೊದಲೇ ತೀರಿಕೊಂಡ ನಟ ಅವರು. ಶಂಕರಣ್ಣನ ಹೆಸರು ಹೇಳಿದರೆ ಕಣ್ಣು ಅರಳಿಸುವವರು ನಮ್ಮೂರ ತುಂಬ ಇದ್ದಾರೆ. ಆದರೆ ಕ್ಯಾಮೆರಾದ ಹಿಂದೆ ನಿಂತ ಶಂಕರ್‌ನಾಗ್ ಅವರ ವಿಷಯ ತೆಗೆದರೆ ಮಾತು ‘ಮಾಲ್ಗುಡಿ’ಗೇ ನಿಂತುಬಿಡುತ್ತದೆ. ಈ ಕೊರಗು ನನಗೆ ಬಹಳ ದಿನದ್ದು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವರಿಗೆ.

ನಿಮಗಿದು ಗೊತ್ತೇ? ಅವರ ಮನೆಮಾತು ಕೊಂಕಣಿ. ನಾಟಕ ಕಲಿತದ್ದು ಮುಂಬೈಯಲ್ಲಿ, ಮರಾಠಿ ರಂಗಭೂಮಿಯ ನಡುವೆ. ಹೆಸರು ಮಾಡಿದ್ದು ಕನ್ನಡದಲ್ಲಿ. ದೇಶದ ಮನೆಮನೆಗೆ ತಲುಪಿದ್ದು ಹಿಂದಿಯಲ್ಲಿ. ಹುಟ್ಟಿದ್ದು 1954ರ ನವೆಂಬರ್ 9ರಂದು, ಹೊನ್ನಾವರದ ಸೀಮೆಯಲ್ಲಿ. ಮನೆತನದ ಹೆಸರು ನಾಗರಕಟ್ಟೆ. ಅಣ್ಣ ಅನಂತ್ ಮತ್ತು ತಮ್ಮ ಶಂಕರ್ ಇಬ್ಬರ ಹೆಸರಿನಲ್ಲೂ ಉಳಿದ ‘ನಾಗ್’ ಅದರದೇ ತುಂಡು.

ಕನ್ನಡದ ಮೊದಲ ಸಿನಿಮಾಕ್ಕೇ ಅವರಿಗೆ ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ತೆರೆಗೆ ಬಂದದ್ದು 1978ರಲ್ಲಿ. ಅದರ ಕೂಲಿ ಯೋಧ ಗಂಡುಗಲಿಯ ಪಾತ್ರ ಅವರದು. ಎದುರಿಗೆ ಪೆರ್ಮಾಡಿಯಾಗಿ ಸುಂದರಕೃಷ್ಣ ಅರಸ್. ಜಪಾನಿನ ಅಕಿರಾ ಕುರೊಸಾವಾ ಅವರ ಸಮುರಾಯ್ ಚಿತ್ರಗಳನ್ನು ಮೆಚ್ಚಿದ್ದ ಕಾರ್ನಾಡರು ಕನ್ನಡದ ಮಣ್ಣಿನಲ್ಲಿ ಕತ್ತಿವರಸೆಯ ಕಥೆ ಕಟ್ಟಿದ್ದರು. ವಿದೇಶಿ ಚಿತ್ರಗಳೂ ಇದ್ದ ಉತ್ಸವದಲ್ಲಿ 24ರ ಆಸುಪಾಸಿನ ಹೊಸ ಹುಡುಗ ಗೆದ್ದ. ಅದೇ ನಟ ಎರಡೇ ವರ್ಷದಲ್ಲಿ ‘ಆಟೊ ರಾಜ’ನಾಗಿ ಖಾಕಿ ಅಂಗಿ ತೊಟ್ಟು ಗಲ್ಲಿಗಲ್ಲಿಯ ಮನುಷ್ಯನಾದರು. ಉತ್ಸವದ ತೀರ್ಪುಗಾರರು ಮತ್ತು ಟಾಕೀಸಿನ ನೆಲದ ಮೇಲೆ ಕೂತು ಸಿಳ್ಳೆ ಹಾಕಿದವರು ಇಬ್ಬರೂ ಒಬ್ಬನನ್ನೇ ಒಪ್ಪುವುದು ಕನ್ನಡದಲ್ಲಿ ತೀರ ಅಪರೂಪ.

ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದ ದಿನ 1897ರ ಜೂನ್ 22. ಆ ತಾರೀಖನ್ನೇ ಹೆಸರಾಗಿ ಇಟ್ಟುಕೊಂಡ ಮರಾಠಿ ಚಿತ್ರ ಬಂದದ್ದು 1979ರಲ್ಲಿ. ಅದರ ಬರವಣಿಗೆಯಲ್ಲಿ ಶಂಕರ್‌ನಾಗ್ ಅವರ ಕೈಯೂ ಇತ್ತು.

ನಿರ್ದೇಶಕನ ಕುರ್ಚಿಗೆ ಅವರು ಬಂದದ್ದು 1980ರಲ್ಲಿ, ಆಗಿನ್ನೂ ವಯಸ್ಸು 26 ತುಂಬುವ ಹೊತ್ತು. ‘ಮಿಂಚಿನ ಓಟ’ ಕಾರು ಕದಿಯುವ ಕಳ್ಳರ ಕಥೆ. ಅಣ್ಣ ಅನಂತ್‌ನಾಗ್, ತಮ್ಮ ಶಂಕರ್, ಜೊತೆಗೆ ಹಿರಿಯರಾದ ಲೋಕನಾಥ್. ಅದಕ್ಕೆ ಏಳು ರಾಜ್ಯ ಪ್ರಶಸ್ತಿಗಳು ಬಂದವು. ಈ ಚಿತ್ರ ನೋಡದವರು ದಯವಿಟ್ಟು ಒಮ್ಮೆ ನೋಡಿ. ಹೀರೊ ಒಬ್ಬನನ್ನು ಎತ್ತಿ ನಿಲ್ಲಿಸಲು ಮಾಡಿದ ಸಿನಿಮಾ ಅಲ್ಲ ಅದು. ಓಟ ಅದರ ಮೈಯಲ್ಲೇ ಇದೆ.

ಅದರ ಹಿಂದೆಯೇ ‘ಜನ್ಮ ಜನ್ಮದ ಅನುಬಂಧ’. 1981ರಲ್ಲಿ ‘ಗೀತಾ’. ಎರಡಕ್ಕೂ ಸಂಗೀತ ಇಳಯರಾಜ. ‘ಗೀತಾ’ದ ನಾಯಕಿಯಾಗಿ ಅಕ್ಷತಾ ಎಂಬ ಹೆಸರಿನಲ್ಲಿ ಬಂದವರು ಪದ್ಮಾವತಿ ರಾವ್, ಶಂಕರ್ ಅವರ ಪತ್ನಿ ಅರುಂಧತಿ ನಾಗ್ ಅವರ ತಂಗಿ.

ಹಿಂದಿಯಲ್ಲೂ ಸಿನಿಮಾ ನಿರ್ದೇಶಿಸಿದರೆಂಬುದು ಬಹಳ ಜನಕ್ಕೆ ತಿಳಿದಿಲ್ಲ. ತಮ್ಮದೇ ‘ಹೊಸ ತೀರ್ಪು’ ಚಿತ್ರವನ್ನು 1983ರಲ್ಲಿ ‘ಲಾಲಚ್’ ಎಂದು ಹಿಂದಿಗೆ ಒಯ್ದರು. ಮರುವರ್ಷ ಕಾರ್ನಾಡರ ‘ಉತ್ಸವ್’ನಲ್ಲಿ ಸಜ್ಜಲ್ ಎಂಬ ಕಳ್ಳನಾಗಿ ರೇಖಾ, ಅಮ್ಜದ್ ಖಾನ್ ಇದ್ದ ತಂಡದಲ್ಲಿ ನಿಂತರು. ಕಾರ್ನಾಡರೂ ನಟನೆಯಿಂದ ನಿರ್ದೇಶನಕ್ಕೆ ಬಂದವರೇ, ಎರಡು ಭಾಷೆಗಳಲ್ಲಿ ಚಿತ್ರ ಮಾಡಿದವರೇ. ಆ ದಾರಿಯಲ್ಲಿ ಮುಂದೆ ಒಬ್ಬರು ನಡೆದಿದ್ದರು ಎಂಬುದನ್ನು ಮರೆಯಬಾರದು.

‘ಆಕ್ಸಿಡೆಂಟ್’ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ರಾಜಕಾರಣಿಯ ಮಗ ನಶೆಯಲ್ಲಿ ಕಾರು ಓಡಿಸಿ, ಬೆಂಗಳೂರಿನ ಫುಟ್‌ಪಾತಿನ ಮೇಲೆ ಮಲಗಿದ್ದ ಕೂಲಿಗಳ ಮೇಲೆ ಹತ್ತಿಸುತ್ತಾನೆ. ಬದುಕಿ ಉಳಿಯುವ ಒಬ್ಬ ಸಾಕ್ಷಿ ರಾಮಣ್ಣನಾಗಿ ರಮೇಶ್ ಭಟ್, ಅಧಿಕಾರದ ಬಲದಿಂದ ಮಗನ ತಪ್ಪನ್ನು ಮುಚ್ಚಿಹಾಕುವ ಅಪ್ಪನಾಗಿ ಅನಂತ್‌ನಾಗ್, ಬೆನ್ನುಹತ್ತುವ ಪತ್ರಕರ್ತನಾಗಿ ಸ್ವತಃ ಶಂಕರ್. ಸಾಮಾಜಿಕ ಸಮಸ್ಯೆ ಕುರಿತ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರ ಪ್ರಶಸ್ತಿ ಸಿಕ್ಕಿತು. ನಮ್ಮ ಕಡೆಯಿಂದ ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ದುಡಿಯಲು ಹೋದವರು ಎಷ್ಟೋ ಮನೆಗಳಲ್ಲಿ ಇದ್ದಾರೆ. ಅಂಥವರನ್ನು ಕಥೆಯ ನಡುಮಧ್ಯೆ ಇಟ್ಟು, ಅವರ ಸಾವಿಗೂ ನ್ಯಾಯ ಕೇಳಿದ ಸಿನಿಮಾ ಅದು. ಅವರು ಮಾಡಿದ್ದರಲ್ಲಿ ನನ್ನ ಮಟ್ಟಿಗೆ ಇದೇ ಮೇಲು.

ಡಾ. ರಾಜ್‌ಕುಮಾರ್ ಅವರನ್ನು ಮುತ್ತು ಹುಡುಕುವ ಬಡವನಾಗಿ ತೋರಿಸಿದ ‘ಒಂದು ಮುತ್ತಿನ ಕಥೆ’ 1987ರದು. ಮೂಲ ಅಮೆರಿಕದ ಜಾನ್ ಸ್ಟೈನ್‌ಬೆಕ್ ಅವರ ‘ದಿ ಪರ್ಲ್’.

ಇನ್ನು ಅವರು ನಿರ್ದೇಶಿಸಿದ ಟಿವಿ ಧಾರಾವಾಹಿ ‘ಮಾಲ್ಗುಡಿ ಡೇಸ್’. ಆರ್. ಕೆ. ನಾರಾಯಣ್ ತಮ್ಮ ಕಾದಂಬರಿಯಿಂದ ಮಾಡಿದ ಹಿಂದಿಯ ‘ಗೈಡ್’ ನೋಡಿ ನೊಂದು, ಅದರ ಬಗ್ಗೆ ಲೇಖನವನ್ನೇ ಬರೆದಿದ್ದವರು. ಅಂಥವರ ಕಥೆಗಳನ್ನು ಕೈಗೆತ್ತಿಕೊಳ್ಳಲು ಎದೆ ಗಟ್ಟಿ ಇರಬೇಕು. ಶಂಕರ್‌ನಾಗ್ ಬೊಂಬಾಯಿಯ ಸೆಟ್ಟಿಗೆ ಹೋಗಲಿಲ್ಲ, ಮಳೆ ಸುರಿಯುವ ಆಗುಂಬೆಗೆ ಹೋದರು. ಅಲ್ಲಿನ ದೊಡ್ಡಮನೆಯೇ ಕಥೆಯ ಹುಡುಗ ಸ್ವಾಮಿಯ ಮನೆಯಾಯಿತು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ ಕಾರ್ನಾಡ್. ತಿಂಗಳಿಗೆ ನಲವತ್ತೈದು ರೂಪಾಯಿ ಸಂಬಳಕ್ಕೆ ಸವೆಯುವ ಗುಮಾಸ್ತನಾಗಿ ಬಂದವರು ವಿಷ್ಣುವರ್ಧನ್! ರೇಖಾಚಿತ್ರಗಳು ನಾರಾಯಣ್ ಅವರ ತಮ್ಮ ಆರ್. ಕೆ. ಲಕ್ಷ್ಮಣ್ ಅವರವು, ಸಂಗೀತ ಎಲ್. ವೈದ್ಯನಾಥನ್ ಅವರದು. ಆರಂಭದ ಕಂತುಗಳನ್ನು ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ತೆಗೆದರು. ಒಂದೇ ಭಾವ ಎರಡು ನಾಲಿಗೆಯಲ್ಲಿ ಹೊರಡಬೇಕಾದರೆ ನಿರ್ದೇಶಕನ ಕಿವಿ ಎಷ್ಟು ಸೂಕ್ಷ್ಮವಿರಬೇಕು, ಯೋಚಿಸಿ. ಮನೆಯಲ್ಲಿ ಒಂದು, ರಂಗದ ಮೇಲೆ ಒಂದು, ತೆರೆಯ ಮೇಲೆ ಒಂದು ಮಾತಾಡಿ ಬೆಳೆದವರಿಗೇ ಅದು ಸಾಧ್ಯ ಎಂದು ನಾನು ನಂಬಿದ್ದೇನೆ.

ಆಗುಂಬೆಗೆ ರೈಲಿಲ್ಲ. ಹಾಗಾದರೆ ಮಾಲ್ಗುಡಿಯ ಸ್ಟೇಷನ್ ಎಲ್ಲಿಯದು? ಹೊಸನಗರ ತಾಲ್ಲೂಕಿನ ಅರಸಾಳಿನದು. ಶಿವಮೊಗ್ಗ–ತಾಳಗುಪ್ಪ ಮಾರ್ಗದ ಆ ಹಳೆಯ ಕಟ್ಟಡ 2020ರಿಂದ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿದೆ. ಮೇಡ್ಲೇರಿಯಿಂದ ಬೆಳಿಗ್ಗೆ ಹೊರಟರೆ ನೋಡಿಕೊಂಡು ರಾತ್ರಿ ಮನೆ ಸೇರಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ.

ಶಂಕರ್‌ನಾಗ್ ಪೊಲೀಸ್ ಅಧಿಕಾರಿಯಾಗಿ ನಟಿಸಿದ ಚಿತ್ರದ ‘ಸಾಂಗ್ಲಿಯಾನ’ ಕಲ್ಪನೆಯ ಹೆಸರೆಂದು ತಿಳಿದವರುಂಟು. ಎಚ್. ಟಿ. ಸಾಂಗ್ಲಿಯಾನ ಮಿಜೋರಾಂ ಮೂಲದ, ಕರ್ನಾಟಕದಲ್ಲಿ ಕೆಲಸ ಮಾಡಿದ ನಿಜವಾದ ಪೊಲೀಸ್ ಅಧಿಕಾರಿ. ಮುಂದೆ 2004ರಲ್ಲಿ ಬೆಂಗಳೂರು ಉತ್ತರದಿಂದ ಲೋಕಸಭೆಗೂ ಆರಿಸಿ ಹೋದರು.

ಒಂದು ಕಡೆ ಹೊಡೆದಾಟದ ಸಿನಿಮಾ, ಇನ್ನೊಂದು ಕಡೆ ನಾಟಕ. ಎರಡನ್ನೂ ಒಟ್ಟಿಗೆ ಹಿಡಿದಿದ್ದರು. ‘ಸಂಕೇತ್’ ಅವರ ನಾಟಕ ತಂಡ. ಕಾರ್ನಾಡರ ‘ನಾಗಮಂಡಲ’ವನ್ನು ರಂಗಕ್ಕೆ ತಂದ ಮೊದಲಿಗರಲ್ಲಿ ಅವರೂ ಒಬ್ಬರು. ನಾಟಕಕ್ಕೆಂದೇ ಒಂದು ಒಳ್ಳೆಯ ರಂಗಮಂದಿರ ಬೇಕೆಂಬ ಆಸೆ ಅವರಿರುವಾಗ ಕೈಗೂಡಲಿಲ್ಲ. ಅರುಂಧತಿಯವರು ವರ್ಷಗಟ್ಟಲೆ ಓಡಾಡಿ, ಬೆಂಗಳೂರಿನ ಜೆ.ಪಿ. ನಗರದಲ್ಲಿ 2004ರಲ್ಲಿ ‘ರಂಗಶಂಕರ’ವನ್ನು ತೆರೆದರು. ಅಲ್ಲಿ ತಡವಾಗಿ ಬಂದರೆ ಯಾರೇ ಆದರೂ ಒಳಗೆ ಬಿಡುವುದಿಲ್ಲ. ನಮ್ಮೂರ ಜಾತ್ರೆಯ ನಾಟಕ ಬೆಳಗಾಗುವವರೆಗೆ ನೋಡಿ ಬೆಳೆದವರಿಗೆ ಈ ಶಿಸ್ತು ಹೊಸದೆನಿಸೀತು. ನಾಟಕದ ಮೇಲಿನ ಗೌರವ ಮಾತ್ರ ಎರಡೂ ಕಡೆ ಒಂದೇ.

ಲೆಕ್ಕ ಹಾಕಿ: 1978ರಿಂದ 1990ರವರೆಗೆ ಬರೀ ಹನ್ನೆರಡು ವರ್ಷ. ಅಷ್ಟರಲ್ಲಿ ನಟಿಸಿದ ಚಿತ್ರಗಳು 80ಕ್ಕೂ ಹೆಚ್ಚು.

ಕೊನೆಗೆ ನಮ್ಮ ರಸ್ತೆಯ ಸಂಗತಿ. 1990ರ ಸೆಪ್ಟೆಂಬರ್ 30ರ ನಸುಕಿನಲ್ಲಿ ದಾವಣಗೆರೆಗೆ ಸ್ವಲ್ಪ ಮೊದಲು ಆನಗೋಡಿನ ಬಳಿ ಅವರ ಕಾರು ಅಪಘಾತಕ್ಕೀಡಾಯಿತು. ಅರುಂಧತಿ ಮತ್ತು ಮಗಳು ಬದುಕಿದರು. ಶಂಕರ್‌ನಾಗ್ ಅವರಿಗೆ 36 ತುಂಬಲು ನಲವತ್ತು ದಿನ ಬಾಕಿ ಇತ್ತು. ಹೊರಟಿದ್ದದ್ದು ಬಾಗಲಕೋಟೆ ಸೀಮೆಯ ಲೋಕಾಪುರಕ್ಕೆ. ಆ ಹೆದ್ದಾರಿ ದಾವಣಗೆರೆ, ಹರಿಹರ ದಾಟಿ, ತುಂಗಭದ್ರೆಯ ಸೇತುವೆ ಮೇಲೆ ಬಂದು, ಕುಮಾರಪಟ್ಟಣ, ರಾಣೇಬೆನ್ನೂರು, ಮೋಟೆಬೆನ್ನೂರು, ಹಾವೇರಿ ಎಂದು ಸಾಗುತ್ತದೆ. ಇನ್ನೊಂದು ತಾಸು ಕಳೆದಿದ್ದರೆ ಕಾರು ರಾಣೇಬೆನ್ನೂರು ಮುಟ್ಟಿರುತ್ತಿತ್ತು.

ಅಲ್ಲಿ ಶೂಟಿಂಗ್ ಇದ್ದದ್ದು ಯಾವ ಸಿನಿಮಾದ್ದು, ಗೊತ್ತೇ? ‘ಜೋಕುಮಾರಸ್ವಾಮಿ’. ಚಂದ್ರಶೇಖರ ಕಂಬಾರರ ನಾಟಕದ ಸಿನಿಮಾ. ಉಳುವ ಬಸಣ್ಣ ಗೌಡನ ಎದುರು ಎದ್ದು ನಿಲ್ಲುವ ಆ ನಾಟಕದ ಬೇರು ನಮ್ಮ ಹಬ್ಬದಲ್ಲೇ ಇದೆ. ಗಣಪ್ಪ ಬಂದು ಹೋದ ಮೇಲೆ, ಭಾದ್ರಪದದ ಅಷ್ಟಮಿಗೆ ಹುಟ್ಟಿ, ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂತು, ಬಾಯಿಗೆ ಬೆಣ್ಣೆ ಮೆತ್ತಿಸಿಕೊಂಡು ಹೆಂಗಸರ ತಲೆಯ ಮೇಲೆ ಓಣಿಓಣಿ ತಿರುಗುವ ಮಣ್ಣಿನ ಜೋಕುಮಾರ. ಮೊರದ ತುಂಬ ಜೋಳ ಕೊಟ್ಟು ಮಳೆ ಕೇಳುತ್ತೇವೆ. ಆಯುಷ್ಯ ಏಳೇ ದಿನ. ಹುಣ್ಣಿಮೆಯ ಹೊತ್ತಿಗೆ ಅವನಿಲ್ಲ, ಅವನ ಹೆಸರಿನ ನುಚ್ಚು ಹೊಲಕ್ಕೆ ಚರಗವಾಗಿ ಬಿದ್ದಿರುತ್ತದೆ.